ಹೊಸ ಗಣಕಯಂತ್ರವೂ ಕನ್ನಡದ ಬರಹವೂ

ವಿಂಡೋಸ್ 10 ಎಂಬ ವ್ಯವಸ್ಥೆಗೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಅನೇಕ ಮನೆಗಳಿಗೆ ಹೊಸ ಗಣಕಯಂತ್ರಗಳು ಬಂದಿವೆ. ನಮ್ಮ ಕತ್ರಿಗುಪ್ಪೆಯ ಬೀದಿಗಳಲ್ಲಿಯೂ ಯಂತ್ರವನ್ನು ತಂದವರು ಮೊದಲು ವಿಚಾರಿಸುವುದು, ಅದರಲ್ಲಿ ಯಾವ ಯಾವ ತಂತ್ರಾಂಶಗಳನ್ನು ಸೇರಿಸಿಕೊಳ್ಳಬೇಕೆಂಬುದನ್ನೇ. ವೇಗ, ಅಂದ, ಅಲ್ಪವ್ಯಯ ಎಂಬ ಮೂರು ಗುಣಗಳನ್ನು ಅಂಗಡಿಯವನೇ ಹೇಳಿಕೊಡುವನು. ಕನ್ನಡದಲ್ಲಿ ಬರೆಯುವ ಕುಟುಂಬಗಳು ಇವುಗಳಿಗಿಂತ ಮೊದಲು ಪರೀಕ್ಷಿಸಬೇಕಾದ ಗುಣವು ಇನ್ನೊಂದುಂಟು. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಅದರಿಂದ ಬರೆದ ಬರಹವನ್ನು ಓದಲು ಸಾಧ್ಯವಾಗಬೇಕು. ಗಣಕದಲ್ಲಿ ಕನ್ನಡವು ನಡೆದುಬಂದ ಚರಿತ್ರೆಯೇ ಈ ಮಾತಿಗೆ ಪ್ರಮಾಣವಾಗಿದೆ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಿತು. ಆ ಪುಟಗಳನ್ನು ಜೋಡಿಸಿದ ಸೀಸದ ಮೊಳೆಗಳು ಈಗ ಎಲ್ಲಿರುವುವೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಅಚ್ಚಾದೊಡನೆ ಅಕ್ಷರವು ಮೊಳೆಯ ಹಂಗನ್ನು ಕಳೆದುಕೊಂಡು ಕಾಗದದ ಮೇಲೆ ನಿಂತಿತು. ಗಣಕದ ಸ್ಥಿತಿಯು ಹೀಗಲ್ಲ. ಅದು ಅಕ್ಷರವನ್ನು ಬರೆದಿಡದೆ ಅಕ್ಷರಕ್ಕೆ ಸಂಕೇತವಾದ ಒಂದು ಸಂಖ್ಯೆಯನ್ನು ಮಾತ್ರ ಬರೆದಿಡುತ್ತದೆ. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಪ್ಪಂದವು ಮರೆತುಹೋದರೆ ಬರಹವಿದ್ದೂ ಇಲ್ಲದಂತೆಯೇ.

ಅಮೆರಿಕೆಯಲ್ಲಿ 1963ರಲ್ಲಿ ಏರ್ಪಟ್ಟ ಆಸ್ಕಿ ಎಂಬ ಸಂಕೇತಮಾಲೆಯಲ್ಲಿದ್ದ ಸ್ಥಾನಗಳು 128 ಮಾತ್ರ. ಅವೆಲ್ಲವೂ ರೋಮನ್ ಅಕ್ಷರಗಳಿಗೂ ಅಂಕೆಗಳಿಗೂ ಚಿಹ್ನೆಗಳಿಗೂ ಯಂತ್ರದ ಆಜ್ಞೆಗಳಿಗೂ ಸಂದುಹೋಗಿದ್ದವು. ಮುಂದೆ ಸ್ಥಾನಗಳು 256 ಆದಾಗಲೂ ಹೆಚ್ಚಿನವು ಯೂರೋಪಿನ ಭಾಷೆಗಳ ಪಾಲಾದವು. ಆದಕಾರಣ ನಮ್ಮವರು ಒಂದು ಉಪಾಯವನ್ನು ಹೂಡಿದರು. ಸಂಖ್ಯೆಗಳನ್ನು ಹಾಗೆಯೇ ಇಟ್ಟುಕೊಂಡು, ರೋಮನ್ ಅಕ್ಷರದ ಚಿತ್ರವಿದ್ದೆಡೆಯಲ್ಲಿ ಕನ್ನಡ ಅಕ್ಷರದ ಒಂದು ತುಂಡಿನ ಚಿತ್ರವನ್ನು ಕೂರಿಸಿದರು. ಇಂತಹ ಚಿತ್ರಸಮೂಹಕ್ಕೆ ಫಾಂಟ್ ಎಂದು ಹೆಸರು. ಫಾಂಟು ಇರುವವರೆಗೆ ತೆರೆಯ ಮೇಲೆ ಕನ್ನಡವು ಚೆನ್ನಾಗಿಯೇ ಕಾಣುತ್ತಿತ್ತು. ಅದಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಶಬ್ದವನ್ನೇ ತೆರೆದರೆ, ರೋಮನ್ನಿನ ಪಿ, ಮೇಲೆ ಓರೆಗೆರೆಯುಳ್ಳ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಮರಳಿ ಅದೇ ಎ, ಜರ್ಮನರ ಒಂದು ವಿಶೇಷಾಕ್ಷರ, ಕ್ಯೂ, ಮತ್ತೆ ಅದೇ ಎ, ಇಷ್ಟು ಕಾಣುವುದು. ಇದನ್ನು ಕನ್ನಡವೆಂದು ಊಹಿಸಲು ಯಾರಿಂದ ಸಾಧ್ಯ?

ಹೀಗೆಂದು ಆ ಕಾಲದ ಪ್ರಯತ್ನಶೀಲರನ್ನು ಹಳಿಯುವುದು ಕೃತಘ್ನತೆಯೇ ಸರಿ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ವರ್ಣಕ್ರಮಕ್ಕೆ ಒಪ್ಪುವ ಕೀಲಿಮಣೆಯೊಂದನ್ನು ರೂಪಿಸಿ, ತಾವು ರಚಿಸಿದ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಲೋಕಕ್ಕೆ ಉಚಿತವಾಗಿ ಕೊಟ್ಟರು. ಅಮೆರಿಕೆಯಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ವನ್ನು ಹೊರತಂದರು, ಪರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿಯೇ ಪತ್ರ ಬರೆಯಲು ಅದರಿಂದ ಬಹಳ ಅನುಕೂಲವಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಸರ್ಕಾರದ ಆಶ್ರಯದಲ್ಲಿ ಕಛೇರಿಗಳಿಗೂ ಮನೆಗಳಿಗೂ ಉಚಿತವಾಗಿ ಹರಡಿತು.

ಇವುಗಳ ಬರೆಯುವ ಕ್ರಮದಲ್ಲಿರುವ ಭೇದವು ತಿಳಿಯತಕ್ಕದ್ದು. ಬರಹದಲ್ಲಿ ‘ಕನ್ನಡ’ವನ್ನು ರೋಮನ್ ಲಿಪಿಯಲ್ಲಿ ಉಚ್ಚಾರದಂತೆ ಬರೆಯಲು ಏಳು ಕೀಲಿಗಳನ್ನು ಒತ್ತಬೇಕು. ರಾಯರ ವಿನ್ಯಾಸವನ್ನು ಅನುಸರಿಸಿದ ನುಡಿಯಲ್ಲಿ ವ್ಯಂಜನದೊಡನೆ ಅಕಾರವು ಸಹಜವಾಗಿಯೇ ಇರುವುದರಿಂದ ಐದು ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಲ್ಲಿ ಎಫ್ ಎಂಬುದು ಅಕಾರವನ್ನು ತೆಗೆದು ಒತ್ತಕ್ಷರಕ್ಕೆ ಎಡೆಮಾಡುವ ಹಲಂತದ ಕೀಲಿ. ವ್ಯಾಕರಣವನ್ನು ಬಲ್ಲವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ.

ಇಷ್ಟರಲ್ಲಿ ಲೋಕದ ಸಮಸ್ತ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಒಪ್ಪಂದವು ಏರ್ಪಟ್ಟಿತು. ಅದರ ಮೊದಲನೆಯ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯು ದೊರೆಯಿತು. ಇಲ್ಲಿ ಸಂಖ್ಯೆಯು ಸಲ್ಲುವುದು ವರ್ಣಕ್ಕೆ. ತೆರೆಯ ಮೇಲಿನ ಆಕಾರವು ಫಾಂಟಿನ ಕೆಲಸ. ಆದರೆ ಒಪ್ಪಂದವಾದ ಮಾತ್ರಕ್ಕೆ ಯಂತ್ರವು ಅದನ್ನು ಅರಿಯಲಿಲ್ಲ. ವಿಂಡೋಸಿಗೆ ಕನ್ನಡವು ಬಂದುದು 2001ರ ಎಕ್ಸ್‌ಪಿ ಆವೃತ್ತಿಯೊಡನೆ, ತುಂಗಾ ಎಂಬ ನಮ್ಮ ನದಿಯ ಹೆಸರಿನ ಫಾಂಟಿನ ಮೂಲಕ; ಆಗಲೂ ಅದನ್ನು ಬೇರೆಯಾಗಿ ಜೋಡಿಸಿಕೊಳ್ಳಬೇಕಾಗಿತ್ತು. ಈ ನಡುವಿನ ವರ್ಷಗಳಲ್ಲಿಯೂ ಅನಂತರವೂ ಬಹುಕಾಲ ನಮ್ಮ ಬರಹವು ಹಳೆಯ ಸಂಕೇತಗಳಲ್ಲಿಯೇ ಬೆಳೆಯುತ್ತ ಹೋಯಿತು.

ಅದರ ಫಲವೇನೆಂಬುದಕ್ಕೆ ನಮ್ಮ ನೆರೆಯ ಒಂದು ನಿದರ್ಶನವಿದೆ. ನಿವೃತ್ತ ಪಂಡಿತರೊಬ್ಬರು ಗಮಕವ್ಯಾಖ್ಯಾನಕ್ಕೆಂದು ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿಸಿದ್ದರು. ಕೈಬರಹದ ಪ್ರತಿಯು ಗೆದ್ದಲಿನ ಪಾಲಾಯಿತು. ಅವರು ಕಾಲವಾದ ಬಳಿಕ ಮಗನು ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದಾಗ ಕಂಡುದು ಮೇಲೆ ಹೇಳಿದ ರೋಮನ್ ಗೊಂದಲವೇ. ಕೆಟ್ಟುಹೋದ ಕಡತವೆಂದು ಅಳಿಸಲು ಹೊರಟಿದ್ದವರನ್ನು ತಿಳಿದವರೊಬ್ಬರು ತಡೆದರು. ಪರಿವರ್ತಕದಿಂದ ಬಹುಭಾಗವು ಮರಳಿ ಬಂದಿತು. ಪೂರ್ತಿಯಾಗಿ ಶುದ್ಧವಾಗಿ ಬರಲಿಲ್ಲ. ‘ಸೂರ್ಯ’ ಎಂಬಲ್ಲಿ ಹಳೆಯ ಸಂಕೇತವು ಕಣ್ಣಿಗೆ ಕಾಣುವ ಕ್ರಮದಲ್ಲಿ ಯಕಾರದ ಮುಂದೆ ಅರ್ಕಾವತ್ತನ್ನು ಬರೆದಿಡುತ್ತಿತ್ತು. ಯೂನಿಕೋಡು ಉಚ್ಚಾರದ ಕ್ರಮದಲ್ಲಿ ರೇಫವನ್ನು ಮೊದಲಿಡುತ್ತದೆ. ಇಂತಹ ಎಡೆಗಳಲ್ಲಿ ಪರಿವರ್ತಕವು ಮುಗ್ಗರಿಸಿದರೆ ಮನುಷ್ಯನೇ ಕುಳಿತು ತಿದ್ದಬೇಕಾಗುವುದು.

ಇನ್ನು ಆಯ್ಕೆಯ ವಿಚಾರ. ಇಂದಿನ ವಿಂಡೋಸಿನಲ್ಲಿ ಕನ್ನಡದ ಫಾಂಟೂ, ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, ಉಚ್ಚಾರಾನುಸಾರಿಯಾದ ಕೀಲಿಮಣೆಯೂ ಮೊದಲೇ ಇರುವುವು. ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಂಡರಾಯಿತು. ನುಡಿಯ ವಿನ್ಯಾಸಕ್ಕೆ ಬೆರಳು ಪಳಗಿದವರು ನುಡಿಯನ್ನೇ ತರಿಸಿಕೊಳ್ಳಲಿ, ಆದರೆ ಬರೆಯುವಾಗ ಅದನ್ನು ಯೂನಿಕೋಡ್ ಕ್ರಮದಲ್ಲಿಯೇ ಇರಿಸಿಕೊಳ್ಳಲಿ. ಲೇಖನ ಸಿದ್ಧಪಡಿಸಲು ಲಿಬ್ರೆ ಆಫೀಸ್ ಎಂಬುದು ಉಚಿತವಾಗಿ ಸಿಕ್ಕುತ್ತದೆ. ಅದು ಕಡತವನ್ನು ಉಳಿಸುವ ಓಡಿಎಫ್ ಮಾದರಿಯು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದುದರಿಂದ ಬೇರೆ ತಂತ್ರಾಂಶಗಳೂ ಅದನ್ನು ಓದಬಲ್ಲವು. ವಿಂಡೋಸಿನೊಡನೆಯೇ ಬರುತ್ತಿದ್ದ ವರ್ಡ್‌ಪ್ಯಾಡನ್ನು ತಯಾರಕರೇ 2024ರ ಆವೃತ್ತಿಯಿಂದ ತೆಗೆದುಹಾಕಿದರೆಂಬುದನ್ನು ನೆನೆದರೆ, ಒಂದೇ ಉಪಕರಣವನ್ನು ನೆಚ್ಚಬಾರದೆಂಬುದು ಮನದಟ್ಟಾಗುವುದು. ವೈರಸ್ಸಿನ ರಕ್ಷಣೆಗೆ ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್ ಸಾಮಾನ್ಯ ಕುಟುಂಬಕ್ಕೆ ಸಾಕು. ಯಾವುದನ್ನು ತರಿಸಿಕೊಂಡರೂ ಅದನ್ನು ಮಾಡಿದವರ ಸ್ವಂತ ತಾಣದಿಂದಲೇ ತರಿಸಿಕೊಳ್ಳುವುದು ಕ್ಷೇಮ. ಮುಖ್ಯ ಕಡತಗಳ ಮತ್ತೊಂದು ಪ್ರತಿಯನ್ನು ಯಂತ್ರದ ಹೊರಗೆ ಇಟ್ಟಿರತಕ್ಕದ್ದು.

ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲಿರುವ ಕನ್ನಡದ ಕಡತಗಳನ್ನೂ ಫಾಂಟುಗಳನ್ನೂ ತೆಗೆದಿರಿಸಿ ಪರಿವರ್ತಿಸಿಕೊಳ್ಳುವುದು ಎಲ್ಲಕ್ಕಿಂತ ಜರೂರಾದ ಕೆಲಸ. ಬರೆದ ಹಿರಿಯರು ಮನೆಯಲ್ಲಿ ಬದುಕಿರುವಾಗಲೇ ಇದು ನಡೆಯಬೇಕು. ಪರಿವರ್ತಕವು ತಪ್ಪಿದ ಕಡೆ ಮೂಲಪಾಠವು ಏನಿತ್ತೆಂದು ಹೇಳಬಲ್ಲವರು ಅವರೊಬ್ಬರೇ.