ಗುರುವಿಲ್ಲದ ಪಾಠಕ್ಕೆ ನೂರು ವರ್ಷ

ಗುಂಡ್ಲುಪೇಟೆ ಕಡೆಯ ಹುಡುಗರು ಬ್ಲೂಸ್ ಗಿಟಾರ್ ನುಡಿಸುತ್ತಾರೆ ಎಂದರೆ ಮೈಸೂರು, ಬೆಂಗಳೂರಿನ ಸಂಗೀತದ ಗೆಳೆಯರು ಎರಡು ಮಾತಿನಲ್ಲಿ ಒಂದನ್ನು ಆಡುತ್ತಾರೆ. ‘ಎಲ್ಲಾ ಯೂಟ್ಯೂಬ್ ಮಹಿಮೆ, ಕಾಡಂಚಿನ ಊರಿಗೂ ಗುರು ಸಿಕ್ಕಿಬಿಟ್ಟ’ ಎನ್ನುವುದು ಒಂದು. ‘ಮೊಬೈಲ್ ನೋಡಿ ಕಲಿತ ವಿದ್ಯೆ ಎಷ್ಟು ದಿನ ಬಾಳೀತು’ ಎನ್ನುವುದು ಇನ್ನೊಂದು. ಹೊಗಳಿಕೆಗೂ ಮೂದಲಿಕೆಗೂ ಆಧಾರ ಒಂದೇ: ಗುರುವಿನ ಎದುರು ಕೂರದೆ ವಾದ್ಯ ಕಲಿಯುವುದು ಇಂಟರ್ನೆಟ್ ಬಂದ ಮೇಲೆ ಶುರುವಾದದ್ದು ಎಂಬ ನಂಬಿಕೆ. ಬ್ಲೂಸ್ ಮಟ್ಟಿಗಂತೂ ಇದು ಪೂರ್ತಿ ತಪ್ಪು. ಆ ಸಂಗೀತ ಊರಿಂದೂರಿಗೆ ಹರಡಿದ್ದೇ ಹೀಗೆ, ಮುಖ ಕಾಣದವನ ಕೈಯನ್ನು ಕಿವಿಯಿಂದ ಹಿಡಿದು.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಕಪ್ಪು ಮನುಷ್ಯ ಚಾಕುವನ್ನು ತಂತಿಗೆ ಒತ್ತಿ ಗಿಟಾರ್ ನುಡಿಸುತ್ತಿದ್ದುದನ್ನು ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ಕೇಳಿದ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್‌ನ ಗ್ರಾಮಫೋನ್ ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. 1923ರಲ್ಲಿ ಸಿಲ್ವೆಸ್ಟರ್ ವೀವರ್ ಬರೀ ಗಿಟಾರಿನ ಬ್ಲೂಸ್ ಧ್ವನಿಮುದ್ರಿಸಿದ. 1926ರಿಂದ ಬ್ಲೈಂಡ್ ಲೆಮನ್ ಜೆಫರ್ಸನ್ನನ ತಟ್ಟೆಗಳು ಹಳ್ಳಿಹಳ್ಳಿ ತಲುಪಿದವು. ಅಂದಿನಿಂದ ಹೊಲದ ಹುಡುಗನಿಗೆ ಪಕ್ಕದ ಊರಿನ ವಾದಕನಷ್ಟೇ ದೂರದ ಟೆಕ್ಸಾಸಿನವನೂ ಮೇಷ್ಟ್ರಾದ. ಎಲ್‌ಪಿ ಬಂದ ಮೇಲೆ ಕಲಿಯುವವರು ಒಂದು ಉಪಾಯ ಕಂಡುಕೊಂಡರು. 33 ಸುತ್ತಿನ ತಟ್ಟೆಯನ್ನು 16ರ ವೇಗಕ್ಕೆ ಇಳಿಸಿದರೆ ನಡೆ ಅರ್ಧವಾಗುತ್ತದೆ, ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಓಡಿಹೋಗುವ ಬೆರಳು ಕಿವಿಗೆ ಸಿಗುತ್ತದೆ. ಇವತ್ತು ಮೊಬೈಲಿನಲ್ಲಿ ವಿಡಿಯೊ ವೇಗವನ್ನು ಅರ್ಧಕ್ಕಿಳಿಸುವ ಹುಡುಗ ಮಾಡುತ್ತಿರುವುದು ಇದನ್ನೇ.

ಹಾಗೆಂದು ಎದುರು ಕೂತು ಕಲಿಸಿದವರು ಇರಲೇ ಇಲ್ಲವೆಂದಲ್ಲ. ಬ್ಲೂಸ್ ವಾದಕ ರಾಬರ್ಟ್ ಜಾನ್ಸನ್ ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದನೆಂಬ ಕಥೆಯನ್ನು ಪ್ರತಿ ಎರಡನೆಯ ವಿಡಿಯೊ ಪಾಠವೂ ಹೇಳುತ್ತದೆ. ಸತ್ಯ ಇದಕ್ಕಿಂತ ಸ್ವಾರಸ್ಯದ್ದು. ಅವನಿಗೆ ಐಕ್ ಜಿಮ್ಮರ್‌ಮನ್ ಎಂಬ ಮೇಷ್ಟ್ರಿದ್ದ. ಗದ್ದಲವಿಲ್ಲದ ಜಾಗವೆಂದು ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರೆಂದು ಜಿಮ್ಮರ್‌ಮನ್ ಮನೆಯವರು ನೆನೆಸಿಕೊಂಡಿದ್ದಾರೆ. 1936 ಮತ್ತು 37ರಲ್ಲಿ ಧ್ವನಿಮುದ್ರಣವಾದ ಅವನ 29 ಹಾಡುಗಳ ಹಿಂದೆ ಇರುವುದು ಸೈತಾನನಲ್ಲ, ಎದುರು ಕೂತು ಜೊತೆಗೆ ನುಡಿಸಿದ ಇನ್ನೊಬ್ಬ ಮನುಷ್ಯ. ಕೂಡುರಸ್ತೆಯ ವರವೇ ನಿಜವಾಗಿದ್ದರೆ ಊಟಿ ರಸ್ತೆ, ಕೇರಳ ರಸ್ತೆ ಕವಲೊಡೆಯುವ ನಮ್ಮ ಗುಂಡ್ಲುಪೇಟೆಯಲ್ಲಿ ಮನೆಗೊಬ್ಬ ಜಾನ್ಸನ್ ಇರಬೇಕಿತ್ತು.

ಬ್ಲೂಸ್ ಪಾಠವೆಂದೇ ಮಾಡಿದ ಧ್ವನಿಮುದ್ರಣ ಬಂದದ್ದು 1960ರ ದಶಕದಲ್ಲಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನು ಒಪ್ಪಿದ ಪರಂಪರೆ ಇದು. ರೆವರೆಂಡ್ ಗ್ಯಾರಿ ಡೇವಿಸ್ ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ದೇವರ ಹಾಡು ಹಾಡುತ್ತಿದ್ದ ಅಂಧ ಪಾದ್ರಿ. ಹೆಬ್ಬೆರಳು, ತೋರುಬೆರಳು ಎರಡರಿಂದಲೇ ನುಡಿಸುತ್ತಿದ್ದ ಆತ ಮನೆಗೆ ಬಂದವರಿಗೆ ಸ್ವಲ್ಪ ದುಡ್ಡಿಗೆ ಗಂಟೆಗಟ್ಟಲೆ ಹೇಳಿಕೊಡುತ್ತಿದ್ದ. ಅಲ್ಲಿಗೆ ಹೋಗುತ್ತಿದ್ದ ಸ್ಟೀಫನ್ ಗ್ರಾಸ್‌ಮನ್ ಎಂಬ ಬ್ರೂಕ್ಲಿನ್ ಹುಡುಗ ಮುಂದೆ ಅದನ್ನೆಲ್ಲ ತಟ್ಟೆಗೆ, ಪುಸ್ತಕಕ್ಕೆ, ವಿಡಿಯೊಗೆ ಇಳಿಸಿದ. ಬ್ರೌನಿ ಮೆಗೀಯ ಶಿಷ್ಯ ಹ್ಯಾಪಿ ಟ್ರಾಮ್ 1967ರಲ್ಲಿ ‘ಹೋಮ್‌ಸ್ಪನ್’ ಹೆಸರಿನಲ್ಲಿ ಟೇಪಿನ ಪಾಠಗಳನ್ನು ಅಂಚೆಯಲ್ಲಿ ಕಳಿಸತೊಡಗಿದ. ಇವರ ಪಾಠದ ಗುಣ ಒಂದೇ: ಮೊದಲು ಹೆಬ್ಬೆರಳು. ಕೆಳ ಶ್ರುತಿಯ ತಂತಿಗಳ ಮೇಲೆ ಹೆಬ್ಬೆರಳು ತಪ್ಪದೆ ನಡೆಯಬೇಕು, ಅದು ನಡೆದ ಮೇಲೆ ಉಳಿದ ಬೆರಳಿಗೆ ಮಾತು. 1928ರಲ್ಲಿ ಧ್ವನಿಮುದ್ರಿಸಿ ಮರೆಯಾಗಿದ್ದ ಮಿಸಿಸಿಪಿ ಜಾನ್ ಹರ್ಟ್ 1963ರಲ್ಲಿ ಮತ್ತೆ ಪತ್ತೆಯಾದಾಗ ಹುಡುಗರು ಬೆರಗಾದದ್ದು ಅವನ ಹೆಬ್ಬೆರಳಿಗೇ. 1980ರ ದಶಕದ ವಿಡಿಯೊ ಕ್ಯಾಸೆಟ್‌ಗಳಲ್ಲಿ ಎಲೆಕ್ಟ್ರಿಕ್ ಗಿಟಾರಿನ ವೇಗವೇ ಮೆರೆಯಿತು. ನೋಡಲು ಬಲು ಸೊಗಸು. ಕಲಿಯಲು ಅಷ್ಟಿಲ್ಲ. ಅಮೆರಿಕದ ಕ್ಯಾಸೆಟ್ ಅಲ್ಲಿನ ಟಿವಿ ಪದ್ಧತಿಯದು, ನಮ್ಮ ವಿಸಿಆರ್‌ಗಳಲ್ಲಿ ಸರಿಯಾಗಿ ಓಡುತ್ತಿರಲಿಲ್ಲ. ಹಾಗಾಗಿ ಆ ಯುಗ ಗುಂಡ್ಲುಪೇಟೆಗೆ ಬರಲೇ ಇಲ್ಲ.

ಬಂದದ್ದು ಆಡಿಯೊ ಕ್ಯಾಸೆಟ್. 1990ರ ದಶಕದಲ್ಲಿ ಈ ಸೀಮೆಯಲ್ಲಿ, ಅಂದರೆ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಿಂದ ಬೇರೆಯಾಗದಿದ್ದಾಗ, ಗಿಟಾರ್ ಇದ್ದದ್ದು ಎರಡೇ ಕಡೆ. ಕೊಳ್ಳೇಗಾಲದ ಆಚೆ ಕಾಮಗೆರೆ, ಮಾರ್ಟಳ್ಳಿ ಕಡೆಯ ಚರ್ಚುಗಳಲ್ಲಿ ಮತ್ತು ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ. ಗಣಪತಿ ಕೂರಿಸಿದ ಪೆಂಡಾಲ್, ಊರಹಬ್ಬ, ರಾಜ್ಯೋತ್ಸವ ಎಲ್ಲಿದ್ದರೂ ಆರ್ಕೆಸ್ಟ್ರಾ. ಲೀಡ್ ಗಿಟಾರಿನವನಿಗೆ ರಾಜನ್–ನಾಗೇಂದ್ರ ಹಾಡುಗಳ ನಡುವಿನ ಬಿಟ್ ತಪ್ಪದೆ ಬರಬೇಕು. ಗಡಿಯ ಊರಾದ್ದರಿಂದ ಇಳಯರಾಜಾರ ತಮಿಳು ಹಾಡು, ಒಂದೆರಡು ಮಲಯಾಳಂ ಹಾಡು ಕೂಡ. ಕೇರಳಕ್ಕೆ ಹೋಗುವ ಕಾಡಿನ ರಸ್ತೆಗೆ ರಾತ್ರಿ ಸಂಚಾರದ ನಿಷೇಧ ಬಂದದ್ದು 2009ರಲ್ಲಿ. ಅದಕ್ಕೂ ಮೊದಲು ಸುಲ್ತಾನ್ ಬತ್ತೇರಿಯಲ್ಲಿ ಕಾರ್ಯಕ್ರಮ ಮುಗಿಸಿ ನಡುರಾತ್ರಿ ಮೂಲೆಹೊಳೆ ದಾಟಿ ವ್ಯಾನಿನಲ್ಲಿ ಬರುವುದು ಆರ್ಕೆಸ್ಟ್ರಾದಲ್ಲಿದ್ದ ನಮಗೆ ಮಾಮೂಲಾಗಿತ್ತು.

ಈ ಆರ್ಕೆಸ್ಟ್ರಾವನ್ನು ಸಂಗೀತದ ಇತಿಹಾಸ ಬರೆಯುವವರು ಲೆಕ್ಕಕ್ಕೇ ಇಟ್ಟಿಲ್ಲ. ಅಲ್ಲಿ ಸಿಗುತ್ತಿದ್ದ ಶಿಕ್ಷಣ ಬೇರೆಲ್ಲೂ ಸಿಗದಂಥದ್ದು. ಗಾಯಕಿಗೆ ನೆಗಡಿಯಾಗಿದ್ದರೆ ಶ್ರುತಿಯನ್ನು ಅರ್ಧ ಮನೆ ಇಳಿಸಿ ನುಡಿಸಬೇಕು. ಪಲ್ಲವಿ ಮರೆತು ಚರಣಕ್ಕೆ ನೆಗೆದರೆ ಅವರ ಹಿಂದೆಯೇ ನಾವೂ ನೆಗೆಯಬೇಕು. ಡ್ರಮ್ಮಿನವನ ಕಣ್ಣು ನೋಡುತ್ತ ನುಡಿಸಬೇಕು. ಬ್ಲೂಸ್ ಎಂಬ ಹೆಸರು ಕೇಳದವರೂ ಅದರ ಅರ್ಧ ವಿದ್ಯೆಯನ್ನು ಅಲ್ಲಿ ಕಲಿತಿದ್ದರು.

ಹೆಸರು ಕೇಳಿಸಿದ್ದು ಎರಿಕ್ ಕ್ಲಾಪ್ಟನ್ನನ 1992ರ ‘ಅನ್‌ಪ್ಲಗ್ಡ್’ ಕ್ಯಾಸೆಟ್ಟಿನಿಂದ. ಅದರಲ್ಲಿ ರಾಬರ್ಟ್ ಜಾನ್ಸನ್ನನ ಹಾಡುಗಳೂ ಇದ್ದವು. ಹೀಗಾಗಿ ನಮ್ಮ ತಲೆಮಾರಿಗೆ ಮೊಮ್ಮಗನ ಮೂಲಕ ತಾತನ ಪರಿಚಯ. ಮೈಸೂರಿನಲ್ಲಿ ಕಾಪಿ ಹೊಡೆಸಿದ ಟೇಪನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳುವುದೇ ಪಾಠ. ಕರೆಂಟ್ ಇಲ್ಲದಾಗ ಸೆಲ್ ಹಾಕುತ್ತಿದ್ದೆವು. ಸೆಲ್ ಇಳಿದಂತೆ ಮೋಟಾರು ನಿಧಾನವಾಗಿ ಶ್ರುತಿಯೂ ಇಳಿಯುತ್ತಿತ್ತು, ನಾವೂ ತಂತಿ ಸಡಿಲಿಸಿಕೊಂಡು ಅದರ ಜೊತೆ ಹೋಗುತ್ತಿದ್ದೆವು. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ನಂಥ ತಂಡ ಹುಟ್ಟಿತ್ತು. 1987ರಲ್ಲೇ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಶುರುವಾಗಿತ್ತು. ಇಲ್ಲಿಂದ ನೋಡಿದರೆ ಅವು ಮಿಸಿಸಿಪಿಗಿಂತ ಹತ್ತಿರವೇನೂ ಇರಲಿಲ್ಲ.

ಆಮೇಲೆ ಟ್ಯಾಬ್ ಬಂತು. ಆರು ಗೆರೆ, ಅದರ ಮೇಲೆ ಎಷ್ಟನೆಯ ಮನೆ ಒತ್ತಬೇಕೆಂಬ ಅಂಕಿ. ಮೈಸೂರಿನ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆದು ಮಡಚಿಟ್ಟುಕೊಂಡು ಬರುತ್ತಿದ್ದೆವು. ಎಲ್ಲಿ ಒತ್ತಬೇಕು ಎಂದಷ್ಟೇ ಅದು ಹೇಳುತ್ತಿತ್ತು. ಎಷ್ಟು ಹೊತ್ತು, ಎಷ್ಟು ಭಾರ ಎಂದು ಹೇಳುತ್ತಿರಲಿಲ್ಲ. ಈ ಹಂತದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೂ ಇಲ್ಲ.

2005ರಲ್ಲಿ ಯೂಟ್ಯೂಬ್ ಶುರುವಾಯಿತು. ಟಾಸ್ಮೇನಿಯಾದಿಂದ ಲಂಡನ್ನಿಗೆ ಹೋಗಿದ್ದ ಜಸ್ಟಿನ್ ಸ್ಯಾಂಡರ್ಕೋ ಅದರಲ್ಲಿ ಬಿಟ್ಟಿಯಾಗಿ ಕ್ರಮಬದ್ಧ ಪಾಠ ಹಾಕತೊಡಗಿದ. ಹಿಂದೆಯೇ ಮಾರ್ಟಿ ಶ್ವಾರ್ಟ್ಜ್ ತರಹದವರು ಬಂದರು. ಈ ಗುಂಪಿನಲ್ಲಿ ನನ್ನ ಮನಸ್ಸಿಗೆ ಜಸ್ಟಿನ್ನನೇ ದೊಡ್ಡವನು. ಅವನೊಬ್ಬ ಹಾಡಿಗಿಂತ ಅಭ್ಯಾಸವನ್ನು ಮುಂದಿಟ್ಟ. ಆದರೆ ಇವೆಲ್ಲ ಗುಂಡ್ಲುಪೇಟೆಗೆ ಬಂದದ್ದು 2005ರಲ್ಲಿ ಅಲ್ಲ, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ. ಅಲ್ಲಿಯವರೆಗೆ ಹತ್ತು ನಿಮಿಷದ ಪಾಠ ನೋಡುವುದೆಂದರೆ ರೀಚಾರ್ಜಿನ ಲೆಕ್ಕ ಹಾಕಬೇಕಿತ್ತು. ಆ ಮೇಲೆ ಚೆಂಡುಹೂವಿನ ಹೊಲದ ಬದುವಿನ ಮೇಲೆ ಕೂತೂ ಪಾಠ ನೋಡಬಹುದಾಯಿತು. 2020ರ ಲಾಕ್‌ಡೌನ್‌ನಲ್ಲಿ ಹೀಗೆ ಪಾಠ ನೋಡುವುದು ಇನ್ನಷ್ಟು ಹೆಚ್ಚಿತು.

ಇದರಿಂದಾದ ಲಾಭ ಸಣ್ಣದಲ್ಲ. ಎಡಗೈಯ ಕೆಲಸದಲ್ಲಿ ಇಂದಿನ ಹದಿನೆಂಟರ ಹುಡುಗ ನಮ್ಮ ಕಾಲದ ಮೂವತ್ತರವನಿಗಿಂತ ಮುಂದಿದ್ದಾನೆ. ತಂತಿ ಎಳೆಯುವುದನ್ನೇ ನೋಡಿ. ಬ್ಲೂಸ್ ನಡೆಯುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. ಆದರೆ ಗಾಂಧಾರ ಮಾತ್ರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಅದನ್ನು ಎಳೆದೇ ಮುಟ್ಟಬೇಕು. ಮೂರನೆಯ ತಂತಿ ಸುತ್ತಿಲ್ಲದ ತೆಳು ತಂತಿಯಾಗಿರಬೇಕು, ಒಂದು ಬೆರಳು ಎಳೆಯುವಾಗ ಹಿಂದಿನ ಎರಡು ಬೆರಳು ಒತ್ತಾಸೆ ಕೊಡಬೇಕು. ನಾವು ದಪ್ಪ ತಂತಿಯ ಮೇಲೆ ಒಂಟಿ ಬೆರಳಲ್ಲಿ ಗುದ್ದಾಡುತ್ತ ಇದ್ದೆವು. ಹತ್ತಿರದಿಂದ ಹಿಡಿದ ಕ್ಯಾಮೆರಾ ಇದನ್ನು ಅರ್ಧ ನಿಮಿಷದಲ್ಲಿ ತೋರಿಸುತ್ತದೆ. ತಂತಿಯ ಮೇಲೆ ಸ್ಲೈಡ್ ಜಾರಿಸುತ್ತಿದ್ದ ಬುಕ್ಕಾ ವೈಟ್‌ನಂತೆ ತನಗೆ ನುಡಿಸಲು ಬಾರದ್ದರಿಂದ ಬಿ. ಬಿ. ಕಿಂಗ್ ಬೆರಳನ್ನೇ ಅಲುಗಿಸಿ ಆ ನಾದ ಹುಡುಕಿಕೊಂಡ. ಅವನ ಬೆರಳಿನ ಆ ಅಲುಗಾಟವನ್ನು ಕಣ್ಣಿಂದ ಕಂಡವನೇ ಭಾಗ್ಯವಂತ.

ಹಾಗಾದರೆ ಕೊರತೆ ಎಲ್ಲಿ? ಬಲಗೈಯಲ್ಲಿ ಮತ್ತು ಎದುರಿನವನಲ್ಲಿ. ಬ್ಲೂಸ್ ಚೌಕಟ್ಟು ಹನ್ನೆರಡು ಬಾರ್, ನಾಲ್ಕು ನಾಲ್ಕರ ಮೂರು ಸಾಲು. ಪ್ರತಿ ಸಾಲಿನ ಮೊದಲ ಅರ್ಧ ಹಾಡಿನದು, ಉಳಿದರ್ಧ ಗಿಟಾರ್ ಕೊಡುವ ಉತ್ತರದ್ದು. ಉತ್ತರ ಕೊಡಬೇಕಾದರೆ ಮೊದಲು ಯಾರಾದರೂ ಏನಾದರೂ ಅಂದಿರಬೇಕು. ವಿಡಿಯೊ ಪಾಠ ಕಲಿಸುವುದು ಬಿಡಿ ಉತ್ತರಗಳನ್ನು, ಅಂದರೆ ಲಿಕ್‌ಗಳನ್ನು. ನಮ್ಮ ಹುಡುಗರಲ್ಲಿ ಐವತ್ತು ಲಿಕ್ ಬಲ್ಲವರಿದ್ದಾರೆ, ಹಾಡುವವನ ಹಿಂದೆ ಹನ್ನೆರಡು ಬಾರ್ ಸುಮ್ಮನೆ ತಾಳ ಹಿಡಿದು ಕೂರಬಲ್ಲವರಿಲ್ಲ. ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ಆದರೆ ಟ್ರ್ಯಾಕ್ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ, ಯಾರಿಗಾಗಿಯೂ ಕಾಯುವುದಿಲ್ಲ. ಆನ್‌ಲೈನ್ ತರಗತಿಯಲ್ಲಿ ಗುರು ಎದುರಿಗೇ ಇದ್ದರೂ ಇದೇ ಪಾಡು. ಒಬ್ಬರ ನಾದ ಇನ್ನೊಬ್ಬರಿಗೆ ತಲುಪುವುದು ಮೂವತ್ತು ಮಿಲಿಸೆಕೆಂಡಿನಷ್ಟು ತಡವಾದರೂ ಕೂಡಿ ನುಡಿಸುವುದು ಕಷ್ಟ, ಮಾಮೂಲಿ ವಿಡಿಯೊ ಕರೆಯಲ್ಲಿ ಅದರ ಎಷ್ಟೋ ಪಟ್ಟು ತಡ. ಶಿಷ್ಯ ನುಡಿಸುತ್ತಾನೆ, ಗುರು ಕೇಳುತ್ತಾನೆ. ಆಮೇಲೆ ಗುರು ನುಡಿಸುತ್ತಾನೆ, ಶಿಷ್ಯ ನೋಡುತ್ತಾನೆ. ಜಿಮ್ಮರ್‌ಮನ್ ಸ್ಮಶಾನದಲ್ಲಿ ಮಾಡಿದ ಕೆಲಸ ಇದರಲ್ಲಿ ಆಗದು.

ಈಚೆಗೆ ಹಬ್ಬ, ಉತ್ಸವಗಳ ವೇದಿಕೆಯಲ್ಲಿ ಇನ್ನೊಂದು ಮಾತು ಚಾಲ್ತಿಗೆ ಬಂದಿದೆ: ನೀಲಗಾರರ ಹಾಡೇ ಕನ್ನಡದ ಬ್ಲೂಸ್ ಅಂತ. ಅದನ್ನು ನಾನು ಒಪ್ಪುವುದಿಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ರಾತ್ರಿಯಿಡೀ ನಡೆಯುವ ದೈವದ ಕಥೆ. ಬ್ಲೂಸ್ ಒಬ್ಬನ ಒಂದು ದಿನದ ಸಂಕಟವನ್ನು ಮೂರು ನಿಮಿಷದಲ್ಲಿ ಹೇಳಿ ಎದ್ದುಹೋಗುವಂಥದ್ದು. ಎರಡನ್ನೂ ಕಲಸಿ ಹಂಚುವುದು ಎರಡಕ್ಕೂ ಅವಮಾನ. ಹೋಲಿಕೆ ಇದ್ದರೆ ಅದು ಕಲಿಯುವ ಬಗೆಯಲ್ಲಿದೆ. ನೀಲಗಾರರ ಹುಡುಗ ಮೊದಲು ಹಿಮ್ಮೇಳದಲ್ಲಿ ತಾಳ ಹಿಡಿಯುತ್ತಾನೆ, ಸೊಲ್ಲು ಎತ್ತಿಕೊಳ್ಳುತ್ತಾನೆ, ಕಥೆಗೆ ಹ್ಞೂಂಗುಡುತ್ತಾನೆ. ತಂಬೂರಿ ಕೈಗೆ ಬರುವುದು ಎಷ್ಟೋ ಆಮೇಲೆ. ಅಂದರೆ ಉತ್ತರ ಕೊಡಲು ಕಲಿತ ಮೇಲೆ ಮಾತು. ವಿಡಿಯೊ ಪಾಠ ತಲೆಕೆಳಗು, ಮೊದಲ ದಿನವೇ ಸೋಲೊ. ಮಂಟೇಸ್ವಾಮಿ, ಮಾದಪ್ಪನ ಹಾಡುಗಳೂ ಈಗ ಯೂಟ್ಯೂಬಿನಲ್ಲಿ ರಾಶಿ ರಾಶಿ ಇವೆ. ಎಲ್ಲವೂ ಪ್ರದರ್ಶನಗಳು. ತಂಬೂರಿಯ ಬೆರಳು ಹೇಗೆ, ಡಕ್ಕೆಯ ಪೆಟ್ಟು ಎಲ್ಲಿ ಎಂದು ಹತ್ತಿರದಿಂದ ತೋರಿಸುವ ಒಂದು ಪಾಠವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡದಲ್ಲಿ ಗಿಟಾರ್ ಪಾಠಗಳಿವೆ, ಬಹುಪಾಲು ಸಿನಿಮಾ ಹಾಡಿನ ಕಾರ್ಡುಗಳು. ಬ್ಲೂಸ್ ಶಫಲ್ಲನ್ನು ಇಂಗ್ಲಿಷ್ ಪಾಠದವರು ವಿವರಿಸುವಾಗ ನಮ್ಮ ಹುಡುಗರು ಬಾಯಿಪಾಠ ಮಾಡಿಕೊಳ್ಳುತ್ತಾರೆ, ಕೈಗೆ ಬರುವುದಿಲ್ಲ. ನಾಲ್ಕೆಣಿಕೆಯೊಳಗೆ ತಿಶ್ರ ನಡೆ, ತಕಿಟದಲ್ಲಿ ‘ಕಿ’ ನುಡಿಯದೆ ಬಿಡು ಎಂದರೆ ಹತ್ತು ನಿಮಿಷದಲ್ಲಿ ಕೂರುತ್ತದೆ. ಇಷ್ಟು ಹೇಳುವ ವಿಡಿಯೊ ಮಾಡಲು ದೊಡ್ಡ ಸ್ಟುಡಿಯೊ ಬೇಕಾಗಿಲ್ಲ. ಕೂಡಿ ನುಡಿಸುವ ಜಾಗದ ಪ್ರಶ್ನೆ ಇದಕ್ಕಿಂತ ಗಟ್ಟಿ. ಪಾಠಗಳು ಬಿಟ್ಟಿಯಾಗಿ ಹರಿದುಬಂದ ಈ ವರ್ಷಗಳಲ್ಲೇ ರಸಮಂಜರಿಗಳಲ್ಲಿ ವಾದ್ಯದವರು ಕರಗಿದರು. ಈಗ ಪೆನ್‌ಡ್ರೈವಿನ ಟ್ರ್ಯಾಕಿಗೆ ಗಾಯಕರು ಹಾಡುತ್ತಾರೆ, ಅದೂ ಇಲ್ಲದ ಕಡೆ ಡಿಜೆ. ಮೂರು ಜನ ಕೂತು ತಪ್ಪುತ್ತಾ ಒಪ್ಪುತ್ತಾ ನುಡಿಸುವ ಒಂದು ಕೋಣೆ ಗುಂಡ್ಲುಪೇಟೆಯಲ್ಲಿಲ್ಲ. ನನ್ನ ಬಳಿ ಬರುವ ಗಿಟಾರ್ ಹುಡುಗರಲ್ಲಿ ಲಯ ಕೂತಿರುವುದು ಇಬ್ಬರಿಗೆ. ಒಬ್ಬ ಕಾಮಗೆರೆ ಕಡೆಯವನು, ಭಾನುವಾರ ಪೂಜೆಯಲ್ಲಿ ಕ್ವಾಯರಿಗೆ ನುಡಿಸುತ್ತಾನೆ. ಇನ್ನೊಬ್ಬ ತಾತನ ಜೊತೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ ತಾಳ ಹಿಡಿಯುವವನು. ‘ಎಲ್ಲಿ ಕಲ್ತ್ಯಪ್ಪ’ ಎಂದರೆ ಇಬ್ಬರೂ ಹೇಳುವುದು ‘ಮೊಬೈಲ್ ನೋಡ್ಕಂಡು ಸಾ’ ಎಂದೇ.