ಕಂಬಳಿ ಕೊಂಡ ಹುಡುಗ

ಮೊನ್ನೆ ಬಸವಕಲ್ಯಾಣಕ್ಕೆ ಹೋಗಿದ್ದೆ. ಹುಮನಾಬಾದಿನಿಂದ ಕಾಕಾ ಬಂದಿದ್ರು. ಟೀವಿಯಲ್ಲಿ 'ಬೆಟ್ಟದ ಹೂವು' ಬರ್ತಿತ್ತು. ಅರವತ್ತು ದಾಟಿದ ಕಾಕಾ ಕಣ್ಣೊರೆಸಿಕೊಂಡು, "ಈ ಹುಡ್ಗ ನಮ್ಮ ಮನಿ ಹುಡ್ಗ ಇದ್ದಂಗ ಇದ್ದ ನೋಡಪಾ" ಅಂದ್ರು. ಆ ಮಾತು ತಲೆಯಲ್ಲೇ ಕೂತುಬಿಟ್ಟಿತು. ಅದಕ್ಕೇ ಈ ಬರಹ.

ಬಾಲನಟರು ದೊಡ್ಡವರಾದ ಮೇಲೆ ಏನಾಗ್ತಾರೆ? ಹಾಲಿವುಡ್‌ನ ಶರ್ಲಿ ಟೆಂಪಲ್ 1950ರಲ್ಲಿ, 22ನೇ ವಯಸ್ಸಿಗೇ ಸಿನಿಮಾ ಬಿಟ್ಟರು. ನಮ್ಮಲ್ಲಿ 1958ರ 'ಭಕ್ತ ಪ್ರಹ್ಲಾದ'ದಲ್ಲಿ ಬಾಲನಟನಾಗಿ ಬಂದ ಲೋಕೇಶ್ ಮುಂದೆ 'ಭೂತಯ್ಯನ ಮಗ ಅಯ್ಯು' (1974), 'ಪರಸಂಗದ ಗೆಂಡೆತಿಮ್ಮ' (1978) ಮಾಡಿ ದೊಡ್ಡ ನಟರಾದರು. ಆದರೆ ಹುಡುಗರು ಹೇರ್‌ಸ್ಟೈಲ್ ಕಾಪಿ ಹೊಡೆಯುವಂಥ ಹೀರೋ ಆದದ್ದು 1983ರ 'ಭಕ್ತ ಪ್ರಹ್ಲಾದ'ದ ಪ್ರಹ್ಲಾದ, ಪುನೀತ್ ರಾಜ್‌ಕುಮಾರ್.

ಪುನೀತ್ ಹುಟ್ಟಿದ್ದು 1975ರಲ್ಲಿ. ಕೈಗೂಸಾಗಿದ್ದಾಗಲೇ 'ಪ್ರೇಮದ ಕಾಣಿಕೆ'ಯಲ್ಲಿ (1976) ತೆರೆ ಮೇಲೆ ಬಂದರು. 'ಚಲಿಸುವ ಮೋಡಗಳು' (1982), 'ಎರಡು ನಕ್ಷತ್ರಗಳು' (1983) ಎರಡಕ್ಕೂ ರಾಜ್ಯ ಪ್ರಶಸ್ತಿ. ಹಾಡುಗಳನ್ನೂ ತಾವೇ ಹಾಡ್ತಿದ್ರು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 'ಬೆಟ್ಟದ ಹೂವು' (1985) ರಾಷ್ಟ್ರಪ್ರಶಸ್ತಿ ತಂದಿತು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳೋಕೆ ದುಡ್ಡು ಕೂಡಿಸುವ ಬಡ ಹುಡುಗ ರಾಮು, ಕೊನೆಗೆ ಅದೇ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರ್ತಾನೆ. ಕಾಕಾ ಅತ್ತಿದ್ದು ಅಲ್ಲೇ.

'ಪರಶುರಾಮ್' (1989) ಆದ ಮೇಲೆ ಪುನೀತ್ ಹೀರೋ ಆಗಿ ಬಂದದ್ದು 2002ರ 'ಅಪ್ಪು'ವಿನಲ್ಲಿ. ನಡುವೆ ಹದಿಮೂರು ವರ್ಷ! ರಾಜ್‌ಕುಮಾರ್ ಮಗ, ದಾರಿ ಸಲೀಸು ಅಂತ ಹೇಳೋರಿದ್ದಾರೆ. ಸುಳ್ಳೇನಲ್ಲ. ಆದರೆ ಈ ಬಿಡುವೂ ಕೆಲಸ ಮಾಡಿತು ಅನ್ನೋದು ನನ್ನ ಲೆಕ್ಕ. ಮೀಸೆ ಚಿಗುರುವ, ದನಿ ಒಡೆಯುವ ವಯಸ್ಸನ್ನು ಜನ ತೆರೆ ಮೇಲೆ ನೋಡಲೇ ಇಲ್ಲ. ಮನಸ್ಸಿನಲ್ಲಿ ರಾಮು ಹಾಗೇ ಉಳಿದ. 27ರ ಯುವಕ ಕುಣಿಯುತ್ತಾ ಬಂದಾಗ ಚಿತ್ರದ ಹೆಸರೇ ಮನೆಯಲ್ಲಿ ಕರೆಯುವ ಹೆಸರು. ನಮ್ಮ ಗಡಿ ಕಡೆ ತೆಲುಗು ಚಿತ್ರಗಳದ್ದೇ ಅಬ್ಬರ. ಈ ಸಲ ಉಲ್ಟಾ ಆಯ್ತು, ಪುರಿ ಜಗನ್ನಾಥ್ ನಿರ್ದೇಶಿಸಿದ 'ಅಪ್ಪು' ಅದೇ ವರ್ಷ ತೆಲುಗಿನಲ್ಲಿ 'ಈಡಿಯಟ್' ಆಯ್ತು :-)

ಆಗ ನಾನಿನ್ನೂ ಕೂಸು. ನನಗೆ ಆತ ಫೈಟು, ಡ್ಯಾನ್ಸಿನ ಪವರ್‌ಸ್ಟಾರ್. ಕಾಕಾಗೆ ಕಂಬಳಿ ತಂದ ಹುಡುಗ. ನಮ್ಮಿಬ್ಬರ ಅಪ್ಪು ಬೇರೆ ಬೇರೆ ಅಂದುಕೊಂಡಿದ್ದೆ.

2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಪುನೀತ್ ಹೋದರು. ಅಪ್ಪನಂತೆ ಅವರ ಕಣ್ಣುಗಳೂ ದಾನವಾದವು; ನಾಲ್ವರಿಗೆ ದೃಷ್ಟಿ ಬಂತು. ಮರುವರ್ಷ 'ಕರ್ನಾಟಕ ರತ್ನ' ಬಂತು. ಆದ್ರೆ ಕಾಕಾಗೆ ನೆನಪಿರೋದು ಪ್ರಶಸ್ತಿ ಅಲ್ಲ.

"ಆವಾಗ ಕಂಬಳಿ ಕೊಟ್ಟ, ಈಗ ಕಣ್ಣು ಕೊಟ್ಟ. ಹುಡ್ಗ ಬದ್ಲಾಗೇ ಇಲ್ಲ ನೋಡಪಾ" ಅಂದ್ರು.

ಮರುದಿನ ಇಬ್ಬರೂ ನೇತ್ರದಾನದ ಫಾರ್ಮ್ ತುಂಬಿದೆವು. ನಿಮ್ಮ ಮನೆಯ ಅಪ್ಪು ಯಾರು, ರಾಮುನೋ ಪವರ್‌ಸ್ಟಾರೋ? ತಿಳಿಸಿ.