ವಿಟ್ಲ ಕ್ಷೇತ್ರ ಎಲ್ಲಿಗೆ ಹೋತು?

ಅಕ್ಕಂದ್ರೇ, ವಿಟ್ಲ ಪೇಟೆಯವರ ತಾಲೂಕು ಯಾವುದು ಕೇಳಿರೆ ಬಂಟ್ವಾಳ. ಎಮ್ಮೆಲ್ಲೆ ಎಲ್ಲಿಯಾಣವು ಕೇಳಿರೆ ಪುತ್ತೂರಿನವು. ಹೊಸತ್ತಾಗಿ ಮದುವೆ ಆಗಿ ಬಂದ ಕೂಸುಗೊಕ್ಕೆ ಈ ಲೆಕ್ಕ ತಲೆಗೇ ಹೋವ್ತಿಲ್ಲೆ. ಮದಲು ಹೀಂಗೆ ಇತ್ತಿಲ್ಲೆ. ವಿಟ್ಲಕ್ಕೆ ಅದರದ್ದೇ ಆದ ವಿಧಾನಸಭಾ ಕ್ಷೇತ್ರ ಇತ್ತು.

1978ರ ಚುನಾವಣೆಲಿ ವಿಟ್ಲಂದ ಗೆದ್ದವು ಸಿಪಿಐಯ ಬಿ.ವಿ. ಕಕ್ಕಿಲ್ಲಾಯರು. ಭೂ ಸುಧಾರಣೆ, ಡಿಕ್ಲರೇಶನ್ ಹೇಳಿ ಮನೆಮನೆಲಿ ಮಾತಾಡಿಗೊಂಡಿದ್ದ ಕಾಲ ಅದು. ಗೇಣಿಗೆ ಕೊಟ್ಟ ಜಾಗೆ ಕೈ ತಪ್ಪಿದ ಮನೆಗಳೂ ಇದ್ದು, ಗೇಣಿಗೆ ಮಾಡಿಗೊಂಡಿದ್ದ ಜಾಗೆ ಸ್ವಂತ ಆದ ಮನೆಗಳೂ ಇದ್ದು. ಅಂಥಾ ಸಮಯಲ್ಲಿ ಇಲ್ಲಿ ಕಮ್ಯುನಿಸ್ಟ್ ಗೆದ್ದದು ಸಣ್ಣ ಸಂಗತಿ ಅಲ್ಲ. ಮತ್ತೆ ಬಿಜೆಪಿಯ ಎ. ರುಕ್ಮಯ್ಯ ಪೂಜಾರಿ, 1999ರಲ್ಲಿ ಕಾಂಗ್ರೆಸ್ಸಿನ ಕೆ.ಎಂ. ಇಬ್ರಾಹಿಂ, 2004ರಲ್ಲಿ ಬಿಜೆಪಿಯ ಪದ್ಮನಾಭ ಕೊಟ್ಟಾರಿ ಗೆದ್ದವು. ಅದುವೇ ಅಕೇರಿ.

ಕ್ಷೇತ್ರ ಎಂತಗೆ ಹೋತು? 2001ರ ಜನಗಣತಿಯ ಲೆಕ್ಕ ಹಿಡ್ಕೊಂಡು ಗಡಿಗಳ ಹೊಸತ್ತಾಗಿ ಎಳದವು. ರಾಜ್ಯಕ್ಕೆ ಒಟ್ಟು ಸೀಟು 224, ಅದು ಹೆಚ್ಚಾಯಿದಿಲ್ಲೆ. ಬೆಂಗಳೂರಿಲಿ ಜನ ತುಂಬಿದ ಕಾರಣ ಅಲ್ಲಿಗೆ ಹೆಚ್ಚು ಸೀಟು ಬೇಕಾತು. ಪಾಯಸ ಇದ್ದದು ಅಷ್ಟೇ, ಒಂದು ಹಂತಿಲಿ ನೆಂಟ್ರು ಜಾಸ್ತಿ ಆದರೆ ಇನ್ನೊಂದು ಹಂತಿಗೆ ಕಮ್ಮಿ ಬಳುಸೆಕ್ಕನ್ನೇ! ಹಾಂಗೆ ದಕ್ಷಿಣ ಕನ್ನಡಲ್ಲಿ 9 ಕ್ಷೇತ್ರ ಇದ್ದದು 8 ಆತು. 2008ರ ಚುನಾವಣೆ ಅಪ್ಪಗ ವಿಟ್ಲದ ಹೆಸರೇ ಇತ್ತಿಲ್ಲೆ. ಪೇಟೆ ಪುತ್ತೂರು ಕ್ಷೇತ್ರಕ್ಕೆ ಸೇರಿತ್ತು, ಕೆಲವು ಗ್ರಾಮಂಗೊ ಬಂಟ್ವಾಳಕ್ಕೆ ಹೋತು. ತಾಲೂಕು ಆಫೀಸು ಮಾಂತ್ರ ಮದಲಾಣ ಹಾಂಗೇ ಬಂಟ್ವಾಳದ್ದು.

ಇನ್ನೊಂದು ಸಂಗತಿ ನಾವು ಹೆಮ್ಮಕ್ಕೊ ನೆಂಪು ಮಡಿಕ್ಕೊಳೆಕ್ಕಾದ್ದು. 1978ರಿಂದ 2004ರ ವರೆಗೆ ಏಳು ಚುನಾವಣೆ ಆತು. ವಿಟ್ಲಂದ ಹೆಮ್ಮಕ್ಕೊ ಆರೂ ವಿಧಾನಸೌಧಕ್ಕೆ ಹೋಯಿದವಿಲ್ಲೆ. ಪುತ್ತೂರಿಂಗೆ ಸೇರಿದ ಸುರುವಾಣ ಚುನಾವಣೆಲೇ ಮಲ್ಲಿಕಾ ಪ್ರಸಾದ್ ಗೆದ್ದವು, 2013ರಲ್ಲಿ ಶಕುಂತಳಾ ಶೆಟ್ಟಿ ಗೆದ್ದವು. ಊರಿನ ಹೆಸರು ಹೋದ್ದು ಬೇಜಾರೇ. ಆದರೆ ಹೆಮ್ಮಕ್ಕಳ ಹತ್ತರೆ ಹೋಗಿ ನೀರಿನ ತಾಪತ್ರಯ ಹೇಳ್ಲೆ ಎಡಿಗಾದ್ದು ಹೆಸರು ಹೋದ ಮತ್ತೆಯೇ.

ಗಡಿ ಇನ್ನೊಂದರಿ ಎಳವಲಿದ್ದು. 2023ರ ತಿದ್ದುಪಡಿ ಪ್ರಕಾರ ಮೂರರಲ್ಲಿ ಒಂದು ಪಾಲು ಸೀಟು ಹೆಮ್ಮಕ್ಕೊಗೆ. ಆದರೆ ಅದು ಜನಗಣತಿ ಆಗಿ, ಹೊಸ ಗಡಿ ಎಳದ ಮೇಲೆ. ಹಾಂಗಾಗಿ ಗಣತಿಯವು ಬಂದಪ್ಪಗ "ಇವು ಮನೆಲಿಲ್ಲೆ, ಮತ್ತೆ ಬನ್ನಿ" ಹೇಳಿ ಕಳುಸೆಡಿ. ಜೆಗಿಲಿಲಿ ಕೂರುಸಿ, ಒಂದು ಗ್ಲಾಸು ಮಜ್ಜಿಗೆ ಕೊಟ್ಟು, ನಿಂಗಳೇ ಸರಿಯಾಗಿ ಬರೆಶಿ. ಗಡಿಯ ಕರಡು ಬಂದಪ್ಪಗ ಆಕ್ಷೇಪ ಹೇಳ್ಲೆ ಜನಂಗೊಕ್ಕೆ ಅವಕಾಶ ಇರ್ತು, ಅದರ ಕೇವಲ ಗೆಂಡುಮಕ್ಕೊಗೆ ಬಿಡೆಡಿ.